ಲಿಂಡ್ಲಿ ಮರ್ರೆ: ಬಾಲಿಕೆಯರಿಗಾಗಿ ವ್ಯಾಕರಣವನ್ನು ಬರೆದ ಮಹನೀಯನು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಗ್ಲಿಷ್ ಕ್ರಿಯಾಪದಗಳ ರೂಪಗಳನ್ನು ಬಾಯಿಪಾಠ ಮಾಡದೆ ಮೇಲಿನ ತರಗತಿಗೆ ಏರಿದವಳು ಒಬ್ಬಳೂ ಇರಲಾರಳು. ಗೋ, ವೆಂಟ್, ಗಾನ್ ಎಂದು ರಾಗವಾಗಿ ಒಪ್ಪಿಸಿದುದೂ, ಶ್ಯಾಲ್ ಎಂಬಲ್ಲಿ ವಿಲ್ ಎಂದು ಬರೆದು ಕೆಂಪು ಗೆರೆಯನ್ನು ಹಾಕಿಸಿಕೊಂಡುದೂ ಅನೇಕರಿಗೆ ಇನ್ನೂ ನೆನಪಿರಬಹುದು. ಆ ಕಾಲದಲ್ಲಿ ಈ ಪಾಠವು ಕಹಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ನಿಯಮಗಳನ್ನು ಒಟ್ಟುಗೂಡಿಸಿ, ಅವು ಮನೆಮನೆಗೂ ಶಾಲೆಶಾಲೆಗೂ ಮುಟ್ಟುವಂತೆ ಮಾಡಿದ ಪುರುಷನ ಚರಿತ್ರೆಯನ್ನು ತಿಳಿದವರು ಕಡಿಮೆ. ಆತನು ಪಂಡಿತರ ಮೆಚ್ಚಿಗೆಗಾಗಿ ಲೇಖನಿಯನ್ನು ಹಿಡಿದವನಲ್ಲ. ಒಂದು ಸಣ್ಣ ಬಾಲಿಕಾ ಪಾಠಶಾಲೆಯ ತರುಣ ಉಪಾಧ್ಯಾಯಿನಿಯರು ಬೇಡಿಕೊಂಡುದರಿಂದ ಹಿಡಿದವನು. ಆದುದರಿಂದ ಆತನ ಜೀವನವೃತ್ತಾಂತವು ಈ ಸಂಚಿಕೆಯಲ್ಲಿ ಸ್ಥಾನವನ್ನು ಪಡೆಯುವುದು ಉಚಿತವೇ ಆಗಿದೆ.

ಲಿಂಡ್ಲಿ ಮರ್ರೆಯು 1745ನೆಯ ಇಸವಿಯಲ್ಲಿ ಅಮೆರಿಕಾ ಖಂಡದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಸ್ವಟಾರಾ ಎಂಬ ಸ್ಥಳದಲ್ಲಿ ಹುಟ್ಟಿದನು. ಆಗ ಆ ಪ್ರಾಂತವು ಇಂಗ್ಲೆಂಡಿನ ಅರಸನ ಆಳಿಕೆಯಲ್ಲಿತ್ತು. ತಂದೆ ರಾಬರ್ಟ್ ಮರ್ರೆಯು ಮೊದಲು ಹಿಟ್ಟಿನ ಗಿರಣಿಯನ್ನು ನಡಿಸುತ್ತಿದ್ದು, ಕ್ರಮೇಣ ದೊಡ್ಡ ವರ್ತಕನಾಗಿ 1753ರಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿದನು. ಅವರ ವಾಸದ ಗುಡ್ಡಕ್ಕೆ ಆ ನಗರದಲ್ಲಿ ಈಗಲೂ ಮರ್ರೆ ಹಿಲ್ ಎಂಬ ಹೆಸರು ಉಂಟು. ಹನ್ನೆರಡು ಮಕ್ಕಳಲ್ಲಿ ಲಿಂಡ್ಲಿಯೇ ಹಿರಿಯನು. ಈ ಕುಟುಂಬದವರು ಕ್ವೇಕರ್ ಎಂದು ಜನರು ಕರೆಯುವ ಮಿತ್ರರ ಸಭೆಗೆ ಸೇರಿದವರು. ಆ ಸಭೆಯವರು ಆಣೆಯಿಟ್ಟು ಮಾತಾಡುವುದನ್ನು ಒಪ್ಪುವುದಿಲ್ಲ. ಆಡಿದ ಮಾತೇ ಪ್ರಮಾಣವೆಂದು ಎಣಿಸುವವರು. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬಾಲ್ಯದಲ್ಲಿ ಲಿಂಡ್ಲಿಯು ಬಹಳ ತುಂಟನಾಗಿದ್ದನು. ತಂದೆಯು ಕಟ್ಟುನಿಟ್ಟಿನ ಮನುಷ್ಯನು. ಅಪ್ಪಣೆಯಿಲ್ಲದೆ ಒಂದು ಸಂಜೆ ಮನೆಯಿಂದ ಹೊರಗೆ ಹೋದುದಕ್ಕಾಗಿ ಶಿಕ್ಷೆಯನ್ನು ಹೊಂದಿದ ಹುಡುಗನು ಮನನೊಂದು, ತನ್ನಲ್ಲಿದ್ದ ಸ್ವಲ್ಪ ಹಣವನ್ನು ತೆಗೆದುಕೊಂಡು ಯಾರಿಗೂ ಹೇಳದೆ ನ್ಯೂಜರ್ಸಿಯ ಬರ್ಲಿಂಗ್ಟನ್ ಎಂಬ ಊರಿಗೆ ಹೊರಟುಹೋದನು. ಮನೆಯನ್ನು ಬಿಟ್ಟು ಓಡಿದ ಹುಡುಗರು ಸಾಮಾನ್ಯವಾಗಿ ಹಡಗನ್ನೋ ಸೈನ್ಯವನ್ನೋ ಸೇರುವ ಕಾಲವದು. ಇವನಾದರೋ ಅಲ್ಲಿನ ಒಂದು ವಸತಿಶಾಲೆಯನ್ನು ಹುಡುಕಿ, ತಾನೇ ಶುಲ್ಕವನ್ನು ಕೊಟ್ಟು, ಫ್ರೆಂಚ್ ಭಾಷೆಯನ್ನು ಕಲಿಯಲು ಕುಳಿತನು! ಕೆಲವು ಕಾಲದ ಮೇಲೆ ಬಂಧುವಾದ ಹಿರಿಯನೊಬ್ಬನ ಕಣ್ಣಿಗೆ ಬಿದ್ದನು. ಆ ಹಿರಿಯನ ಮಧ್ಯಸ್ಥಿಕೆಯಿಂದ ತಂದೆ ಮಕ್ಕಳಲ್ಲಿ ಸಮಾಧಾನವಾಗಿ, ಹುಡುಗನು ಮನೆಗೆ ಹಿಂದಿರುಗಿದನು.

ಮಗನು ವ್ಯಾಪಾರವನ್ನೇ ಹಿಡಿಯಬೇಕೆಂದು ತಂದೆಯ ಇಚ್ಛೆಯಿತ್ತು. ಮಗನಿಗೆ ನ್ಯಾಯಶಾಸ್ತ್ರದಲ್ಲಿ ಆಸಕ್ತಿ. ಆತನು ತನ್ನ ಕಾರಣಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದು ಒಪ್ಪಿಸಿದನು. ಅದನ್ನು ನೋಡಿದ ತಂದೆಯ ವಕೀಲನೇ ಮಗನ ಪಕ್ಷವನ್ನು ಹಿಡಿದನೆಂದು ಹೇಳುವರು. ಹೀಗೆ ಬೆಂಜಮಿನ್ ಕಿಸ್ಸಮ್ ಎಂಬ ನ್ಯಾಯವಾದಿಯ ಬಳಿಯಲ್ಲಿ ನಾಲ್ಕು ವರ್ಷ ಅಭ್ಯಾಸ ಮಾಡಿದನು. ಮುಂದೆ ಅಮೆರಿಕಾದ ಸಂಯುಕ್ತ ಸಂಸ್ಥಾನಗಳ ಮೊದಲನೆಯ ಮುಖ್ಯ ನ್ಯಾಯಾಧೀಶನಾದ ಜಾನ್ ಜೇ ಎಂಬವನು ಅಲ್ಲಿ ಇವನ ಸಹಪಾಠಿಯಾಗಿದ್ದನು. 1767ರಲ್ಲಿ ಮರ್ರೆಯು ಹ್ಯಾನಾ ಡಾಬ್ಸನ್ ಎಂಬ ಕನ್ಯೆಯನ್ನು ವಿವಾಹವಾದನು. ಅವರಿಗೆ ಮಕ್ಕಳಾಗಲಿಲ್ಲ. ಆದರೆ ಐವತ್ತೆಂಟು ವರ್ಷಗಳ ಕಾಲ ಆ ದಂಪತಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಬಾಳಿದರು.

ಅಷ್ಟರಲ್ಲಿ ಅಮೆರಿಕಾದಲ್ಲಿ ಸ್ವಾತಂತ್ರ್ಯದ ಯುದ್ಧವು ಆರಂಭವಾಯಿತು. ಮರ್ರೆಯು ಲಾಂಗ್ ಐಲೆಂಡಿನ ಇಸ್ಲಿಪ್ ಎಂಬ ಸಮುದ್ರತೀರದ ಗ್ರಾಮಕ್ಕೆ ಹೋಗಿ, ದೋಣಿ ನಡಿಸುವುದರಲ್ಲಿಯೂ ಮೀನು ಹಿಡಿಯುವುದರಲ್ಲಿಯೂ ನಾಲ್ಕು ವರ್ಷಗಳನ್ನು ಕಳೆದನು. ಅಷ್ಟು ಕಾಲವನ್ನು ವ್ಯರ್ಥಮಾಡಿದೆನೆಂದು ವೃದ್ಧಾಪ್ಯದಲ್ಲಿ ಆತನು ಪಶ್ಚಾತ್ತಾಪಪಟ್ಟನು. ಅನಂತರ ಇಂಗ್ಲಿಷ್ ಸೈನ್ಯದ ವಶದಲ್ಲಿದ್ದ ನ್ಯೂಯಾರ್ಕಿಗೆ ಹಿಂದಿರುಗಿ ವ್ಯಾಪಾರ ಮಾಡಿ, ಯುದ್ಧವು ಮುಗಿಯುವಷ್ಟರಲ್ಲಿ ಜೀವನಪರ್ಯಂತ ಸಾಕಾಗುವಷ್ಟು ದ್ರವ್ಯವನ್ನು ಸಂಪಾದಿಸಿದನು. ಯುದ್ಧಕಾಲದ ಈ ಸಂಪಾದನೆಯನ್ನು ಎಲ್ಲರೂ ಮೆಚ್ಚಲಿಲ್ಲ. ಆತನು ದೇಶವನ್ನು ಬಿಟ್ಟುದಕ್ಕೆ ಇದೂ ಒಂದು ಕಾರಣವಾಗಿತ್ತೆಂದು ಈಚಿನ ಚರಿತ್ರಕಾರರಲ್ಲಿ ಕೆಲವರ ಅಭಿಪ್ರಾಯ. ಮರ್ರೆಯು ತಾನಾಗಿ ಹೇಳಿದ ಕಾರಣವು ದೇಹದ ಅಸ್ವಸ್ಥತೆ. ಜ್ವರದಿಂದೆದ್ದ ಮೇಲೆ ಆತನ ಸ್ನಾಯುಗಳು ಬಲಗುಂದುತ್ತ ಬಂದುವು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ತಂಪು ಹವೆಯು ಹಿತಕರವೆಂದು ವೈದ್ಯರು ಸೂಚಿಸಿದರು. 1784ರ ಕೊನೆಯಲ್ಲಿ ಹಡಗನ್ನೇರಿದ ದಂಪತಿಗಳು ತಾಯ್ನಾಡಿಗೆ ಮತ್ತೆ ಹಿಂದಿರುಗಲೇ ಇಲ್ಲ.

ಯಾರ್ಕ್ ಪಟ್ಟಣಕ್ಕೆ ಒಂದು ಮೈಲಿಯೊಳಗಿನ ಹೋಲ್‌ಗೇಟ್ ಗ್ರಾಮದಲ್ಲಿ ಅವರು ಮನೆಯನ್ನು ಕೊಂಡರು. ಮೊದಲು ಮರ್ರೆಯು ತೋಟದಲ್ಲಿ ಸ್ವಲ್ಪ ದೂರ ನಡೆಯಬಲ್ಲವನಾಗಿದ್ದನು. ಆ ಮೇಲೆ ನಡೆಯುವುದು ನಿಂತುಹೋಗಿ ಬಂಡಿಯಲ್ಲಿ ಮಾತ್ರ ಹೊರಗೆ ಹೋಗುವಂತಾಯಿತು. ಜೀವಿತದ ಕೊನೆಯ ಹದಿನಾರು ವರ್ಷಗಳಲ್ಲಿ ಅದೂ ಇಲ್ಲದೆ, ಆತನು ಮನೆಯ ಹೊಸ್ತಿಲನ್ನು ದಾಟಲಿಲ್ಲ. ಕೆಲವು ಸಾರಿ ಧ್ವನಿಯೂ ಕುಗ್ಗುತ್ತಿತ್ತು. ಆದರೆ ಬುದ್ಧಿಯು ಮಂಕಾಗಲಿಲ್ಲ. ಮುಖದ ಪ್ರಸನ್ನತೆಯೂ ಮಾಸಲಿಲ್ಲ.

ಯಾರ್ಕಿನಲ್ಲಿ ವಿಲಿಯಂ ಟ್ಯೂಕ್ ಎಂಬ ವರ್ತಕನೂ ಆತನ ಪತ್ನಿಯಾದ ಎಸ್ತರ್ ಟ್ಯೂಕ್ ಎಂಬಾಕೆಯೂ 1785ರಲ್ಲಿ ಮಿತ್ರರ ಸಭೆಯ ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದಿದ್ದರು. ಗಂಡುಮಕ್ಕಳು ಲ್ಯಾಟಿನ್ ಭಾಷೆಯ ಮೂಲಕ ವ್ಯಾಕರಣವನ್ನು ಕಲಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಲ್ಯಾಟಿನ್ ಪಾಠವು ಬಹುಮಟ್ಟಿಗೆ ಇರಲಿಲ್ಲವಾದುದರಿಂದ, ತಮ್ಮ ಮಾತೃಭಾಷೆಯ ನಿಯಮಗಳೂ ಅವರಿಗೆ ದೂರವಾಗಿಯೇ ಇದ್ದುವು. ಈ ಶಾಲೆಯ ತರುಣ ಉಪಾಧ್ಯಾಯಿನಿಯರಿಗೆ ಮರ್ರೆಯು ತನ್ನ ಮನೆಯಲ್ಲಿಯೇ ಇಂಗ್ಲಿಷ್ ವ್ಯಾಕರಣವನ್ನು ಹೇಳಿಕೊಡುತ್ತ ಬಂದನು. ಅವರ ಕೈಗೆ ತಕ್ಕ ಪುಸ್ತಕವು ಸಿಕ್ಕಲಿಲ್ಲ. 1794ರಲ್ಲಿ ಅವರಲ್ಲಿ ಮೂವರು ಕೂಡಿ, ಅರ್ಧ ವಿನೋದವಾಗಿಯೂ ಅರ್ಧ ನಿಜವಾಗಿಯೂ, ಅರಸರಿಗೆ ಬರೆಯುವ ಧಾಟಿಯಲ್ಲಿ ಒಂದು ವಿಜ್ಞಾಪನಾಪತ್ರವನ್ನು ಬರೆದು, ತಮ್ಮ ಶಾಲೆಗಾಗಿ ವ್ಯಾಕರಣವೊಂದನ್ನು ರಚಿಸಿಕೊಡಬೇಕೆಂದು ಪ್ರಾರ್ಥಿಸಿದರು. ಮರ್ರೆಯು ಹಿಂಜರಿದನು; ಬಳಿಕ ಒಪ್ಪಿಕೊಂಡನು. ಒಂದು ವರ್ಷವು ತುಂಬುವ ಮೊದಲೇ, 1795ರಲ್ಲಿ, ಯಾರ್ಕಿನಲ್ಲಿಯೇ ಆ ಪುಸ್ತಕವು ಅಚ್ಚಾಗಿ ಹೊರಬಿದ್ದಿತು.

ಆ ಪುಸ್ತಕದಲ್ಲಿ ವರ್ಣ, ಶಬ್ದ, ವಾಕ್ಯರಚನೆ, ಉಚ್ಚಾರಣೆ ಮತ್ತು ಛಂದಸ್ಸು ಎಂಬ ನಾಲ್ಕು ಭಾಗಗಳಿದ್ದುವು. ಮುಖ್ಯ ನಿಯಮಗಳನ್ನು ದೊಡ್ಡ ಅಕ್ಷರಗಳಲ್ಲಿಯೂ, ವಿವರಣೆಗಳನ್ನು ಸಣ್ಣ ಅಕ್ಷರಗಳಲ್ಲಿಯೂ ಅಚ್ಚು ಹಾಕಿಸಿದ್ದನು. ಚಿಕ್ಕ ಹುಡುಗಿಯು ಮೊದಲು ದೊಡ್ಡ ಅಕ್ಷರಗಳನ್ನು ಮಾತ್ರ ಓದಿಕೊಂಡು ಹೋಗುವಳು. ಮುಂದಿನ ವರ್ಷ ಅದೇ ಪುಸ್ತಕದ ಸಣ್ಣ ಅಕ್ಷರಗಳನ್ನು ಓದುವಳು. 1797ರಲ್ಲಿ ಅಭ್ಯಾಸ ಪುಸ್ತಕವೂ, ಅದರ ಉತ್ತರಗಳ ಪುಸ್ತಕವೂ, ವ್ಯಾಕರಣದ ಸಂಕ್ಷೇಪವೂ ಪ್ರಕಟವಾದುವು. ಅಭ್ಯಾಸ ಪುಸ್ತಕದಲ್ಲಿ ತಪ್ಪಾದ ವಾಕ್ಯಗಳೇ ತುಂಬಿದ್ದುವು. ಅವನ್ನು ತಿದ್ದುವುದು ವಿದ್ಯಾರ್ಥಿಗಳ ಕೆಲಸ. ಉಪಾಧ್ಯಾಯರು ದೊರೆಯದವರು ತಾವಾಗಿಯೇ ಕಲಿಯುವಂತೆ ಉತ್ತರಗಳ ಪುಸ್ತಕವು ಸಹಾಯ ಮಾಡುತ್ತಿತ್ತು. ಶಾಲೆಗೆ ಹೋಗಲು ಅನುಕೂಲವಿಲ್ಲದ ಎಷ್ಟು ಮಂದಿ ಹೆಣ್ಣುಮಕ್ಕಳು ಅಡಿಗೆಯ ಮನೆಯ ಮೂಲೆಯಲ್ಲಿ ಅದನ್ನು ತೆರೆದು ಕುಳಿತಿದ್ದರೋ, ಬಲ್ಲವರಾರು?

ಆ ಪುಸ್ತಕದ ಹೃದಯವು ಕ್ರಿಯಾಪದದ ಅಧ್ಯಾಯವೆಂದರೆ ತಪ್ಪಲ್ಲ. ಮರ್ರೆಯು ಆರು ಕಾಲಗಳನ್ನು ಎಣಿಸಿದನು: ವರ್ತಮಾನ ಒಂದು, ಭವಿಷ್ಯತ್ತು ಎರಡು, ಭೂತಕಾಲ ಮೂರು. ಈ ಮೂರು ಭೂತಗಳೇ ಕನ್ನಡದ ಮಕ್ಕಳನ್ನು ಇಂದಿಗೂ ಪೀಡಿಸುವ ಭೂತಗಳು! ಮರ್ರೆಯ ವಿವರಣೆಯ ಸಾರವು ಹೀಗಿದೆ. ಕೆಲಸವು ಕಳೆದುಹೋದ ಒಂದು ಕಾಲದಲ್ಲಿ ನಡೆಯಿತೆಂದು ಮಾತ್ರ ಹೇಳುವುದು ಒಂದು; ಕೆಲಸವು ಮುಗಿದಿದ್ದರೂ ಅದರ ಸಂಬಂಧವು ಈಗಿನವರೆಗೆ ಬಂದು ಮುಟ್ಟುವುದು ಎರಡನೆಯದು; ಕಳೆದ ಮತ್ತೊಂದು ಸಂಗತಿಗಿಂತಲೂ ಮೊದಲೇ ಮುಗಿದಿತ್ತೆಂದು ತಿಳಿಸುವುದು ಮೂರನೆಯದು. ನಮ್ಮ ಭಾಷೆಯಲ್ಲಿಯೂ ಬರೆದಳು, ಬರೆದಿದ್ದಾಳೆ, ಬರೆದಿದ್ದಳು ಎಂಬ ಮೂರು ರೂಪಗಳು ಉಂಟಷ್ಟೆ. ಹಾಗಾದರೆ ಕಷ್ಟವೆಲ್ಲಿ? ನಾವು ಅವನ್ನು ಬಳಸುವ ಎಲ್ಲೆಗಳು ಬೇರೆ. ಹೋದ ವಾರ ಮೈಸೂರಿಗೆ ಹೋಗಿದ್ದೆನು ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ. ಹೋಗಿ ಬಂದುದಾಯಿತು ಎಂಬುದೇ ಅದರ ಭಾವ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಐ ಹ್ಯಾಡ್ ಗಾನ್ ಎಂದು ನಿಲ್ಲಿಸಿದರೆ, ಕೇಳುವವನು ಯಾವುದಕ್ಕಿಂತ ಮೊದಲು ಎಂದು ಮುಂದಿನ ಮಾತಿಗಾಗಿ ಕಾಯುತ್ತಾನೆ. ಅಲ್ಲಿ ಐ ವೆಂಟ್ ಎಂದರೆ ಸಾಕು. ಹಾಗೆಯೇ ನಿನ್ನೆ ಆಕೆಯನ್ನು ನೋಡಿದ್ದೇನೆ ಎಂಬುದು ಕನ್ನಡಕ್ಕೆ ಒಗ್ಗುವುದು; ಇಂಗ್ಲಿಷಿನಲ್ಲಿ ನಿನ್ನೆ ಎಂಬ ಮಾತು ಬಂದೊಡನೆ ಹ್ಯಾವ್ ಎಂಬುದು ಹೊರಗೆ ನಿಲ್ಲಬೇಕು. ನಿನ್ನೆಯು ಮುಗಿದುಹೋದ ದಿನವು. ಹ್ಯಾವ್ ಎಂಬುದು ಇಂದಿನ ಬಾಗಿಲಿನಲ್ಲಿ ನಿಂತಿರುವ ಪದವು.

ಇನ್ನು ಸಹಾಯಕ ಕ್ರಿಯಾಪದಗಳ ವಿಚಾರ. ಮೇ, ಕ್ಯಾನ್, ಮೈಟ್, ಕುಡ್, ವುಡ್, ಶುಡ್, ಮಸ್ಟ್ ಎಂಬ ಸಣ್ಣ ಪದಗಳು ಸೇರಿದ ರೂಪಗಳನ್ನು ಮರ್ರೆಯು ಒಂದು ಪ್ರತ್ಯೇಕ ವರ್ಗವಾಗಿ ವಿಂಗಡಿಸಿ, ಮೇ ಎಂಬುದು ಅನುಮತಿಯನ್ನೂ ಸಂಭವವನ್ನೂ, ಕ್ಯಾನ್ ಎಂಬುದು ಶಕ್ತಿಯನ್ನೂ, ಮಸ್ಟ್ ಎಂಬುದು ಅನಿವಾರ್ಯತೆಯನ್ನೂ ತಿಳಿಸುವುದೆಂದು ವಿವರಿಸಿದನು. ಕನ್ನಡದ ಬೇಕು ಎಂಬ ಒಂದೇ ಪದವನ್ನು ನೋಡಿರಿ. ನಾನು ಹೋಗಬೇಕು ಎಂದರೆ ಅದು ನನ್ನ ಇಷ್ಟವೋ, ಕರ್ತವ್ಯವೋ, ಬಲವಂತವೋ, ಧ್ವನಿಯಿಂದಲೂ ಸಂದರ್ಭದಿಂದಲೂ ತಿಳಿಯಬೇಕು. ಹೋಗಬೇಕಾಗಿತ್ತು ಎಂದರೆ, ಹೋಗದೆ ವಿಧಿಯಿರಲಿಲ್ಲ ಎಂದೂ ಆಗಬಹುದು. ಹೋಗಬೇಕಾದವಳು ಹೋಗದೆ ತಪ್ಪುಮಾಡಿದೆನು ಎಂದೂ ಆಗಬಹುದು. ಇಂಗ್ಲಿಷಿನಲ್ಲಿ ಮೊದಲನೆಯದು ಹ್ಯಾಡ್ ಟು ಗೋ, ಎರಡನೆಯದು ಶುಡ್ ಹ್ಯಾವ್ ಗಾನ್. ಒಂದರಲ್ಲಿ ಹೋದುದಾಯಿತು, ಮತ್ತೊಂದರಲ್ಲಿ ಹೋಗಲೇ ಇಲ್ಲ! ನಮ್ಮ ಹುಡುಗಿಯರು ಪರಭಾಷೆಯ ಈ ಭೇದವನ್ನು ಕಲಿಯುವಾಗ, ತಮ್ಮ ಮನಸ್ಸಿನಲ್ಲಿರುವುದು ಇಚ್ಛೆಯೋ ಕರ್ತವ್ಯವೋ ಪಶ್ಚಾತ್ತಾಪವೋ ಎಂದು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಇದು ಅಲ್ಪ ಲಾಭವಲ್ಲ.

ಶ್ಯಾಲ್, ವಿಲ್ ಎಂಬ ಜೋಡಿಯ ನಿಯಮವು ಎಲ್ಲಕ್ಕಿಂತ ಪ್ರಸಿದ್ಧವಾದುದು. ಜಾನ್ ವಾಲಿಸ್ ಎಂಬ ಗಣಿತಜ್ಞನು 1653ರಲ್ಲಿಯೇ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಇದನ್ನು ಹೇಳಿದ್ದನು. ಮರ್ರೆಯ ಪುಸ್ತಕವು ಇದನ್ನು ಸಾವಿರಾರು ಶಾಲೆಗಳಿಗೆ ಮುಟ್ಟಿಸಿತು. ನಾನು, ನಾವು ಎಂಬ ಉತ್ತಮ ಪುರುಷದಲ್ಲಿ ಶ್ಯಾಲ್ ಎಂಬುದು ಮುಂದೆ ನಡೆಯುವುದನ್ನು ಸುಮ್ಮನೆ ತಿಳಿಸುತ್ತದೆ. ವಿಲ್ ಎಂಬುದು ನಿಶ್ಚಯವನ್ನೂ ವಾಗ್ದಾನವನ್ನೂ ತಿಳಿಸುತ್ತದೆ. ನೀನು, ಅವನು, ಅವಳು ಎಂಬಲ್ಲಿ ಇದು ತಲೆಕೆಳಗಾಗುತ್ತದೆ. ಇದರ ಮೇಲೆ ಶಾಲೆಗಳಲ್ಲಿ ಒಂದು ಹಾಸ್ಯದ ಕಥೆಯನ್ನು ಹೇಳುತ್ತಿದ್ದರು. ನೀರಿಗೆ ಬಿದ್ದ ಪರದೇಶಿಯೊಬ್ಬನು, ಅಯ್ಯೋ ಮುಳುಗಿಹೋಗುವೆನು, ಯಾರೂ ಎತ್ತುವವರಿಲ್ಲ ಎಂದು ಕೂಗಬೇಕೆಂದಿದ್ದು, ಶ್ಯಾಲ್ ವಿಲ್‌ಗಳನ್ನು ಅದಲುಬದಲು ಮಾಡಿ ಕೂಗಿದನಂತೆ. ಮುಳುಗಿಯೇ ತೀರುವೆನು, ಯಾರೂ ನನ್ನನ್ನು ಎತ್ತಕೂಡದು ಎಂದು ಅರ್ಥವಾಗಿ, ದಡದ ಮೇಲಿದ್ದವರು ಆತನ ನಿಶ್ಚಯಕ್ಕೆ ಅಡ್ಡಿಮಾಡದೆ ಸುಮ್ಮನಿದ್ದರಂತೆ!

ಕಥೆಯು ಹಾಗಿರಲಿ. ಆಣೆಯಿಡದ ಜನರ ನಡುವೆ ಬೆಳೆದು, ಕರಾರುಪತ್ರಗಳನ್ನು ಬರೆಯುವ ವೃತ್ತಿಯನ್ನು ಕಲಿತ ಮನುಷ್ಯನಿಗೆ, ಊಹೆಗೂ ವಾಗ್ದಾನಕ್ಕೂ ಇರುವ ಅಂತರವು ಸಣ್ಣದಾಗಿ ತೋರಿರಲಾರದು. ಆಗಬಹುದು ಎಂಬುದನ್ನು ಆಗುತ್ತದೆ ಎನ್ನಬಾರದು. ಮಾಡಬಲ್ಲೆನು ಎಂಬುದನ್ನು ಮಾಡುವೆನು ಎನ್ನಬಾರದು. ಮಾಡಬೇಕಾಗಿತ್ತು ಎಂಬುದನ್ನು ಮಾಡಿದೆನು ಎನ್ನಬಾರದು. ಕ್ರಿಯಾಪದದ ವ್ಯಾಕರಣದೊಳಗೆ ಅಡಗಿರುವ ಸತ್ಯನಿಷ್ಠೆಯು ಇದೇ. ನಡೆಯಲಾರದ ಮನುಷ್ಯನು ನಡೆಯುವ, ಮಾಡುವ, ಆಗುವ ಪದಗಳಿಗೆ ಇಷ್ಟು ಸೂಕ್ಷ್ಮವಾದ ದಾರಿಗಳನ್ನು ಹಾಕಿಕೊಟ್ಟನೆಂಬುದನ್ನು ನೆನೆದರೆ ಮನಸ್ಸು ಕರಗುತ್ತದೆ.

ಆದರೂ ಮರ್ರೆಯನ್ನು ನಿರ್ದೋಷಿಯೆಂದು ಹೊಗಳುವುದು ನ್ಯಾಯವಲ್ಲ. ಆತನೂ ಅದನ್ನು ಬಯಸುತ್ತಿರಲಿಲ್ಲ. ಆತನ ನಿಯಮಗಳಲ್ಲಿ ಬಹುಭಾಗವು ರಾಬರ್ಟ್ ಲೌತ್ ಎಂಬ ಧರ್ಮಾಧ್ಯಕ್ಷನು 1762ರಲ್ಲಿ ಪ್ರಕಟಿಸಿದ ವ್ಯಾಕರಣದಿಂದಲೂ, ಇತರರ ಗ್ರಂಥಗಳಿಂದಲೂ ತೆಗೆದುಕೊಂಡುದು. ತಾನು ಆರಿಸಿ ಜೋಡಿಸಿದವನೆಂದು ಆತನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರೂ, ಮೂಲಕರ್ತರ ಹೆಸರುಗಳನ್ನು ಆಯಾ ಸ್ಥಳದಲ್ಲಿ ಹೇಳಲಿಲ್ಲವೆಂದು ಆಕ್ಷೇಪಣೆಗಳು ಬಂದುವು. ಆತನ ಇಂಗ್ಲಿಷಿನಲ್ಲಿಯೇ ದೋಷಗಳನ್ನು ಹುಡುಕಿ 1868ರಲ್ಲಿ ವಾಷಿಂಗ್ಟನ್ ಮೂನ್ ಎಂಬಾತನು ಒಂದು ಪುಸ್ತಕವನ್ನೇ ಬರೆದನು. ಜನರು ನಿಜವಾಗಿ ಆಡುವ ಮಾತು ಶ್ಯಾಲ್ ವಿಲ್ ನಿಯಮಕ್ಕೆ ಹೊಂದಿಕೊಂಡಿಲ್ಲವೆಂದು ಅಮೆರಿಕಾದ ಪಂಡಿತನಾದ ಚಾರ್ಲ್ಸ್ ಫ್ರೀಸ್ ಎಂಬಾತನು ನಾಟಕಗಳಲ್ಲಿನ ಪ್ರಯೋಗಗಳನ್ನು ಎಣಿಸಿ 1925ರಲ್ಲಿ ತೋರಿಸಿಕೊಟ್ಟನು. ಈಗ ಎಲ್ಲ ಪುರುಷಗಳಲ್ಲಿಯೂ ವಿಲ್ ಎಂಬುದೇ ಹೆಚ್ಚಾಗಿ ನಡೆಯುತ್ತದೆ. ನಿಯಮಗಳು ಸಡಿಲಿದರೂ ಅವುಗಳ ಹಿಂದಿನ ಪ್ರಶ್ನೆಯು ಹಳತಾಗಿಲ್ಲ. ಹೇಳುವವಳು ಊಹಿಸುತ್ತಿರುವಳೋ, ಮಾತು ಕೊಡುತ್ತಿರುವಳೋ ಎಂದು ಕೇಳುವವರು ಇಂದಿಗೂ ತಿಳಿಯಬಯಸುತ್ತಾರೆ.

ಮರ್ರೆಯ ಪುಸ್ತಕಗಳು ಇಂಗ್ಲೆಂಡ್ ಅಮೆರಿಕಾಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದುವು. 1799ರಲ್ಲಿ ಹೊರಟ ಇಂಗ್ಲಿಷ್ ರೀಡರ್ ಎಂಬ ವಾಚನಪುಸ್ತಕವನ್ನು ಅಬ್ರಹಾಂ ಲಿಂಕನ್ ಬಹಳವಾಗಿ ಮೆಚ್ಚಿದ್ದನೆಂದು ಪ್ರತೀತಿಯುಂಟು. 1804ರಲ್ಲಿ ಅಕ್ಷರಾಭ್ಯಾಸದ ಪುಸ್ತಕವೂ ಹೊರಬಂದಿತು. ಮರ್ರೆಯು ಹೋಲ್‌ಗೇಟಿನ ಕಿಟಕಿಯ ಬಳಿ ಕುಳಿತು ತನ್ನ ಪುಸ್ತಕಗಳನ್ನು ತಿದ್ದುತ್ತಿದ್ದ ಕಾಲದಲ್ಲಿಯೇ, 1817ರಲ್ಲಿ, ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯು ಕನ್ನಡ ಭಾಷೆಯ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದನು. ಅವರು ನಮ್ಮ ಕ್ರಿಯಾಪದಗಳನ್ನು ಕಲಿಯಲೆಳಸಿದ ಕಾಲವೂ, ಅವರ ಕ್ರಿಯಾಪದಗಳು ಶಾಲೆಗಳಲ್ಲಿ ನೆಲೆಗೊಂಡ ಕಾಲವೂ ಒಂದೇ ಎಂಬುದು ಗಮನಿಸತಕ್ಕ ಸಂಗತಿ.

ಪುಸ್ತಕಗಳಿಂದ ಬಂದ ಹಣವನ್ನು ಮರ್ರೆಯು ತನಗಾಗಿ ಇಟ್ಟುಕೊಳ್ಳದೆ ಪರೋಪಕಾರಕ್ಕೆ ವಿನಿಯೋಗಿಸಿದನು. ತನ್ನ ಮತ್ತು ಪತ್ನಿಯ ಕಾಲಾನಂತರ ಉಳಿದ ಆಸ್ತಿಯಲ್ಲಿ ಒಂದು ನಿಧಿಯನ್ನು ಏರ್ಪಡಿಸಿ, ಅಮೆರಿಕಾದಲ್ಲಿ ದಾಸ್ಯದಲ್ಲಿದ್ದ ನೀಗ್ರೋ ಜನರ ಬಿಡುಗಡೆಗೂ, ಅವರ ಸಂತತಿಯವರ ವಿದ್ಯಾಭ್ಯಾಸಕ್ಕೂ, ಅಲ್ಲಿನ ಮೂಲನಿವಾಸಿಗಳ ಹಿತಕ್ಕೂ ಅದು ಸಲ್ಲುವಂತೆ ಮರಣಶಾಸನದಲ್ಲಿ ಬರೆದಿಟ್ಟನು. ಎಲಿಜಬೆತ್ ಫ್ರ್ಯಾಂಕ್ ಎಂಬ ಸ್ನೇಹಿತೆಯ ಪ್ರೇರಣೆಯಿಂದ ಪತ್ರಗಳ ರೂಪದಲ್ಲಿ ಬರೆದ ಆತನ ಆತ್ಮಚರಿತ್ರೆಯು, 1826ನೆಯ ಜನವರಿ 16ರಂದು ಆತನು ತೀರಿಕೊಂಡ ಬಳಿಕ, ಅದೇ ವರ್ಷ ಪ್ರಕಟವಾಯಿತು. ಆಗ ಆತನಿಗೆ ಎಂಬತ್ತು ವರ್ಷ. ಹ್ಯಾನಾ ಮರ್ರೆಯು 1834ರವರೆಗೆ ಬದುಕಿದ್ದಳು. ಹೋಲ್‌ಗೇಟಿನ ತೋಟದಲ್ಲಿ ಆತನು ಕುಳಿತು ಬರೆಯುತ್ತಿದ್ದ ಚಿಕ್ಕ ಮಂಟಪವನ್ನು ಮುಂದೆ ಯಾರ್ಕಿನ ಮೌಂಟ್ ಶಾಲೆಯ ಆವರಣಕ್ಕೆ ಸಾಗಿಸಿ ಕಾಪಾಡಿದರು. 1831ರಲ್ಲಿ ಹೆಣ್ಣುಮಕ್ಕಳಿಗಾಗಿ ಸ್ಥಾಪಿತವಾದ ಶಾಲೆಯದು. ಬಾಲಿಕೆಯರಿಗಾಗಿ ಬರೆದವನ ಮಂಟಪವು ಬಾಲಿಕೆಯರ ನಡುವೆಯೇ ನೆಲೆಗೊಂಡಿತು.

ತಾಯಿತಂದೆಗಳೇ, ನಿಮ್ಮ ಮಗಳು ಸಂಜೆಯ ದೀಪದ ಮುಂದೆ ಕುಳಿತು ಕ್ರಿಯಾಪದಗಳನ್ನು ಒಪ್ಪಿಸುತ್ತಿರುವಾಗ, ಇದೆಲ್ಲ ಪರೀಕ್ಷೆಯ ಅಂಕಗಳಿಗಾಗಿ ಎಂದು ಎಣಿಸಬೇಡಿರಿ. ಕಳೆದುದನ್ನು ಕಳೆದುದೆಂದೂ, ಉಳಿದುದನ್ನು ಉಳಿದುದೆಂದೂ, ಶಕ್ಯವನ್ನು ಶಕ್ಯವೆಂದೂ, ಕರ್ತವ್ಯವನ್ನು ಕರ್ತವ್ಯವೆಂದೂ ಹೇಳಲು ಆಕೆಯು ಕಲಿಯುತ್ತಿರುವಳು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರಾಗಿರುವಿರಿ. ಯಾರ್ಕಿನ ಮೂವರು ತರುಣಿಯರು ಕೇಳಲು ನಾಚಿಕೊಂಡಿದ್ದರೆ ಆ ಪುಸ್ತಕವು ಹುಟ್ಟುತ್ತಿರಲಿಲ್ಲ. ನಿಮ್ಮ ಮಕ್ಕಳಿಗೆ ಬೇಕಾದುದನ್ನು ಬಲ್ಲವರ ಬಳಿಗೆ ಹೋಗಿ ಕೇಳಲು ನೀವೂ ಸಂಕೋಚಪಡದಿರಿ.